ಚರ್ಮ ಯಾಕೆ ಕಳಚಿ ಬೀಳುವುದಿಲ್ಲ? ಅದರ ಗಂಟುಗಳನ್ನು ಕಂಡ ಬಿಜೊಜೆರೊ ಕಥೆ

ಹೊಸ ಚಪ್ಪಲಿ ಕಚ್ಚಿ ಹಿಮ್ಮಡಿಯಲ್ಲಿ ನೀರುಗುಳ್ಳೆ ಎದ್ದರೆ ನಮ್ಮಲ್ಲಿ ಎರಡು ವಿವರಣೆ ತಕ್ಷಣ ಸಿಗುತ್ತದೆ. ಮೈಯಲ್ಲಿ ಉಷ್ಣ ಜಾಸ್ತಿಯಾಗಿದೆ ಎಂದು ಮನೆಯ ಹಿರಿಯರು ಹೇಳುತ್ತಾರೆ. ಕೆಟ್ಟ ರಕ್ತ ನೀರಾಗಿ ಹೊರಬರುತ್ತಿದೆ ಎಂದು ಮೊಬೈಲಿಗೆ ಬಂದ ಸಂದೇಶ ಹೇಳುತ್ತದೆ. ಎರಡೂ ಅಲ್ಲ. ಆಗಿರುವುದು ಇಷ್ಟೇ: ಚಪ್ಪಲಿ ಚರ್ಮದ ಮೇಲ್ಪದರವನ್ನು ಹಿಂದೆ ಮುಂದೆ ಎಳೆದಿದೆ, ಒಳಗಿನ ಜೀವಕೋಶಗಳು ಸಾಲಿನಿಂದ ಬಿಟ್ಟುಕೊಂಡಿವೆ, ಬಿರುಕು ಬಿಟ್ಟ ಜಾಗಕ್ಕೆ ದೇಹದ ದ್ರವ ಬಂದು ತುಂಬಿದೆ. ಅದು ಕೆಟ್ಟ ರಕ್ತವಲ್ಲ, ವಿಷವೂ ಅಲ್ಲ.

ಆದರೆ ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ದಿನವಿಡೀ ನಾವು ಚರ್ಮವನ್ನು ತಿಕ್ಕುತ್ತೇವೆ, ಕೆರೆಯುತ್ತೇವೆ, ಭಾರದ ಚೀಲ ಹಿಡಿದು ಎಳೆಯುತ್ತೇವೆ. ಸಣ್ಣ ಸಣ್ಣ ಕೋಶಗಳಿಂದಾದ ಈ ಹೊದಿಕೆ ಪ್ರತಿ ಸಲವೂ ಯಾಕೆ ಕಳಚಿ ಬರುವುದಿಲ್ಲ? ಕೋಶಕ್ಕೂ ಕೋಶಕ್ಕೂ ನಡುವೆ ಹಿಡಿತ ಎಲ್ಲಿದೆ?

ಈ ಪ್ರಶ್ನೆಗೆ ಸರಿಯಾದ ದಿಕ್ಕಿನ ಉತ್ತರವನ್ನು 1864ರಲ್ಲಿ ಕೊಟ್ಟವನು ಇಟಲಿಯ 18 ವರ್ಷದ ಒಬ್ಬ ವಿದ್ಯಾರ್ಥಿ. ಹೆಸರು ಜೂಲಿಯೊ ಬಿಜೊಜೆರೊ. ಮೆಡಿಕಲ್ ಓದಿದವರಿಗೆ ಈ ಹೆಸರು ಪ್ಲೇಟ್‌ಲೆಟ್ ಪಾಠದಲ್ಲಿ ಗೊತ್ತಿರುತ್ತದೆ. ಡೆಂಗಿ ಬಂದಾಗ ಊರಿಡೀ ಲೆಕ್ಕ ಹಾಕುವ ಅದೇ ಪ್ಲೇಟ್‌ಲೆಟ್. ಆ ಕಥೆಗೂ ಬರುತ್ತೇವೆ, ಆದರೆ ಮೊದಲು ಚರ್ಮ.

ವರೇಸೆಯ ಹುಡುಗ, ಪಾವಿಯಾದ ಸೂಕ್ಷ್ಮದರ್ಶಕ

ಬಿಜೊಜೆರೊ ಹುಟ್ಟಿದ್ದು 1846ರ ಮಾರ್ಚ್ 20ರಂದು, ಉತ್ತರ ಇಟಲಿಯ ಲೊಂಬಾರ್ಡಿ ಪ್ರಾಂತ್ಯದ ವರೇಸೆ ಊರಿನಲ್ಲಿ. ವೈದ್ಯಕೀಯ ಓದಲು ಹೋದದ್ದು ಪಾವಿಯಾ ವಿಶ್ವವಿದ್ಯಾಲಯಕ್ಕೆ. ಆಗಿನ್ನೂ ಸೂಕ್ಷ್ಮದರ್ಶಕವನ್ನು ಹಲವು ಡಾಕ್ಟರುಗಳು ಆಟದ ಸಾಮಾನಿನ ಹಾಗೆ ನೋಡುತ್ತಿದ್ದರು. ರೋಗ ಗೊತ್ತಾಗುವುದು ನಾಡಿ, ಮೂತ್ರ, ಅನುಭವದಿಂದ ಎಂಬುದು ರೂಢಿ. ಪಾವಿಯಾದಲ್ಲಿ ಎಯುಸೆಬಿಯೊ ಓಲ್ ಎಂಬ ಪ್ರಾಧ್ಯಾಪಕರು ಅಂಗಾಂಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದನ್ನು ಕಲಿಸುತ್ತಿದ್ದರು. ಪಾವೊಲೊ ಮಾಂತೆಗಾತ್ಸಾ ಅವರ ಪ್ರಯೋಗಶಾಲೆಯೂ ಅಲ್ಲೇ ಇತ್ತು. ಹುಡುಗ ಎರಡೂ ಕಡೆ ಕೆಲಸ ಮಾಡಿದ.

ಅದೇ ಕಾಲಕ್ಕೆ ಜರ್ಮನಿಯಲ್ಲಿ ಮ್ಯಾಕ್ಸ್ ಶುಲ್ಟ್ಸೆ ಎಂಬ ದೊಡ್ಡ ವಿಜ್ಞಾನಿ ಚರ್ಮದ ಹೊರಪದರದ ನಡುಭಾಗದ ಕೋಶಗಳ ಮೈಮೇಲೆ ಮುಳ್ಳಿನಂಥ ಚಾಚುಗಳನ್ನು ಕಂಡಿದ್ದರು. ಮುಳ್ಳುಕೋಶ ಎಂಬ ಹೆಸರು ಇವತ್ತಿಗೂ ಪಠ್ಯಪುಸ್ತಕದಲ್ಲಿ ಉಳಿದಿದೆ. ಎರಡು ಬ್ರಷ್‌ಗಳನ್ನು ಎದುರುಬದುರು ಒತ್ತಿದರೆ ಒಂದರ ಕೂದಲ ಸಂದಿಗೆ ಇನ್ನೊಂದರ ಕೂದಲು ತೂರಿಕೊಳ್ಳುತ್ತದಲ್ಲ, ಹಾಗೆಯೇ ಒಂದು ಕೋಶದ ಮುಳ್ಳುಗಳು ಪಕ್ಕದ ಕೋಶದ ಮುಳ್ಳುಗಳ ನಡುವೆ ಸಿಕ್ಕಿಕೊಂಡು ಚರ್ಮ ಗಟ್ಟಿಯಾಗಿದೆ ಎಂಬುದು ಅವರ ಅಭಿಪ್ರಾಯ.

ಕೇಳಲು ಚೆನ್ನಾಗಿದೆ. ಆದರೆ ಬಿಜೊಜೆರೊ ಕಂಡದ್ದು ಬೇರೆ. ಮುಳ್ಳುಗಳು ಒಂದರ ಸಂದಿಗೊಂದು ತೂರಿರಲಿಲ್ಲ. ತುದಿಗೆ ತುದಿ ಮುಟ್ಟಿ ನಿಂತಿದ್ದವು. ಮುಟ್ಟಿದ ಜಾಗದಲ್ಲಿ ಒಂದೊಂದು ಸಣ್ಣ, ದಟ್ಟವಾದ ಗಂಟು. ಕೋಶಗಳು ಒಂದನ್ನೊಂದು ಹಿಡಿದುಕೊಂಡಿರುವುದು ಆ ಗಂಟುಗಳಲ್ಲಿ ಎಂದು ಅವರು ತೀರ್ಮಾನಿಸಿದರು. ವಿದ್ಯಾರ್ಥಿಯಾಗಿದ್ದಾಗ 1864ರಲ್ಲಿ ಒಮ್ಮೆ, ಮತ್ತೆ 1870ರಲ್ಲಿ ಇನ್ನಷ್ಟು ವಿವರವಾಗಿ ಬರೆದರು. ಮುಂದೆ ಅವಕ್ಕೆ ಬಿಜೊಜೆರೊ ಗಂಟುಗಳು ಎಂದೇ ಹೆಸರಾಯಿತು.

ಇದು ಎಷ್ಟು ಕಷ್ಟದ ಕೆಲಸ ಎಂದು ಸ್ವಲ್ಪ ಹೇಳಬೇಕು. ಅಂಥ ಒಂದು ಗಂಟಿನ ಅಡ್ಡಗಲ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ, ಸುಮಾರು ಅದರ ಕಾಲು ಭಾಗದಿಂದ ಅರ್ಧ. ಬೆಳಕಿನ ಸೂಕ್ಷ್ಮದರ್ಶಕ ತೋರಿಸಬಲ್ಲ ಕೊನೆಯ ಗಡಿ ಅದು. ಅಲ್ಲಿ ಕಾಣುವುದು ಮಸುಕಾದ ಚುಕ್ಕೆ ಮಾತ್ರ. ಇನ್ನೊಂದು ತೊಡಕೂ ಇತ್ತು. ಜೀವಂತ ಚರ್ಮದಲ್ಲಿ ಕೋಶಗಳು ಒತ್ತಾಗಿ ಕೂತಿರುತ್ತವೆ, ಮುಳ್ಳು ಹೀಗೆ ಎದ್ದು ಕಾಣುವುದಿಲ್ಲ. ನೋಡಲೆಂದು ರಾಸಾಯನಿಕದಲ್ಲಿ ಹಾಕಿದಾಗ ಕೋಶ ಕುಗ್ಗುತ್ತದೆ. ಕುಗ್ಗಿದರೂ ಗಂಟಿರುವ ಜಾಗದಲ್ಲಿ ಬಿಡುವುದಿಲ್ಲ, ಅಲ್ಲೇ ಎಳೆದುಕೊಂಡು ಮುಳ್ಳಾಗುತ್ತದೆ. ಅಂದರೆ ಮುಳ್ಳು ನಮ್ಮ ಕಣ್ಣಿಗೆ ಬಿದ್ದಿರುವುದೇ ಗಂಟು ಬಲವಾಗಿರುವುದರಿಂದ.

ಮೂರು ದಶಕದಲ್ಲಿ ಒಬ್ಬರಿಗೆ ಇಷ್ಟೊಂದು

1866ರಲ್ಲಿ, 20ರ ವಯಸ್ಸಿಗೆ ಬಿಜೊಜೆರೊ ಡಾಕ್ಟರ್ ಆದರು. ಜೂರಿಕ್‌ನಲ್ಲಿ ಹೈನ್ರಿಕ್ ಫ್ರೈ ಅವರ ಬಳಿ, ಬರ್ಲಿನ್‌ನಲ್ಲಿ ರುಡಾಲ್ಫ್ ವಿರ್ಕೊ ಅವರ ಬಳಿ ಹೋಗಿ ಕಲಿತರು. ರೋಗ ಎಂದರೆ ಕೋಶಗಳಲ್ಲಿ ಆಗುವ ಬದಲಾವಣೆ ಎಂದು ಸಾರಿದವರು ವಿರ್ಕೊ. ಪಾವಿಯಾಗೆ ಮರಳಿದ ಮೇಲೆ ಇನ್ನೂ ಮೀಸೆ ಚಿಗುರುವ ವಯಸ್ಸಿನಲ್ಲೇ ರೋಗಶಾಸ್ತ್ರದ ಪಾಠ ಅವರ ಹೆಗಲಿಗೆ ಬಂತು. ಅವರ ಬಳಿ ಸೂಕ್ಷ್ಮದರ್ಶಕ ಹಿಡಿಯಲು ಕಲಿತವರಲ್ಲಿ ಅವರಿಗಿಂತ ಸುಮಾರು 3 ವರ್ಷ ದೊಡ್ಡವರಾದ ಕಮಿಲ್ಲೊ ಗಾಲ್ಜಿ ಒಬ್ಬರು. ಗಾಲ್ಜಿ ಮುಂದೆ ಬಿಜೊಜೆರೊ ಅವರ ಸೋದರ ಸಂಬಂಧದ ಹುಡುಗಿಯನ್ನೇ ಮದುವೆಯಾದರು, ನರಕೋಶಗಳ ಅಧ್ಯಯನಕ್ಕಾಗಿ 1906ರಲ್ಲಿ ನೊಬೆಲ್ ಪಡೆದರು. ಗುರು ಅಷ್ಟರಲ್ಲಿ ತೀರಿಕೊಂಡಿದ್ದರು.

1868ರಲ್ಲಿ ಕೆಂಪು ರಕ್ತಕಣ ಹುಟ್ಟುವುದು ಮೂಳೆಯ ಮಜ್ಜೆಯಲ್ಲಿ ಎಂದು ಬಿಜೊಜೆರೊ ತೋರಿಸಿದರು. ಅದೇ ವರ್ಷ ಜರ್ಮನಿಯ ಅರ್ನ್ಸ್ಟ್ ನಾಯ್ಮನ್ ಸ್ವತಂತ್ರವಾಗಿ ಅದನ್ನೇ ಕಂಡರು. ಮುಂದೆ ಬಿಜೊಜೆರೊ ಟ್ಯೂರಿನ್ ವಿಶ್ವವಿದ್ಯಾಲಯಕ್ಕೆ ಹೋದರು, ಕೊನೆಯವರೆಗೂ ಅಲ್ಲೇ ಇದ್ದರು. 1876ರಲ್ಲಿ ವೈದ್ಯಕೀಯ ಸಂಶೋಧನೆಗೊಂದು ಪತ್ರಿಕೆ ಶುರುಮಾಡಿದರು. ರೋಗಿಯ ಹಾಸಿಗೆ ಪಕ್ಕ ಸೂಕ್ಷ್ಮದರ್ಶಕ ಬಳಸುವುದು ಹೇಗೆ ಎಂದು ಡಾಕ್ಟರುಗಳಿಗೆ ಕೈಪಿಡಿ ಬರೆದರು.

ಆಮೇಲೆ 1882. ಮೊಲ ಮತ್ತು ಗಿನಿಪಿಗ್‌ಗಳ ಕರುಳಿನ ತೆಳು ಪೊರೆಯಲ್ಲಿ ಹರಿಯುತ್ತಿರುವ ರಕ್ತವನ್ನೇ ನೋಡುತ್ತ, ಕೆಂಪು ಬಿಳಿ ಕಣಗಳ ನಡುವೆ ಬಣ್ಣವಿಲ್ಲದ ಸಣ್ಣ ತಟ್ಟೆಗಳನ್ನು ಅವರು ಗುರುತಿಸಿದರು. ಅವನ್ನು ಅದಕ್ಕೂ ಮೊದಲು ಕಂಡವರಿದ್ದರು. ಮುಳ್ಳುಕೋಶದ ಅದೇ ಶುಲ್ಟ್ಸೆ ಕೂಡ ಕಂಡಿದ್ದರು. ಫ್ರಾನ್ಸಿನ ಜಾರ್ಜ್ ಹಾಯೆಂ ಅವನ್ನು ಕೆಂಪು ಕಣದ ಎಳೆಯ ರೂಪ ಎಂದುಕೊಂಡಿದ್ದರು. ಬಿಜೊಜೆರೊ ಮಾಡಿದ್ದು, ರಕ್ತನಾಳಕ್ಕೆ ಸ್ವಲ್ಪ ಗಾಯ ಮಾಡಿ ಏನಾಗುತ್ತದೆಂದು ಕಾದು ನೋಡಿದ್ದು. ಈ ತಟ್ಟೆಗಳೇ ಮೊದಲು ಓಡಿಬಂದು ಗಾಯಕ್ಕೆ ಅಂಟಿಕೊಂಡವು. ಇವು ರಕ್ತದ ಮೂರನೇ ಬಗೆಯ ಕಣ, ರಕ್ತ ನಿಲ್ಲಿಸುವುದರಲ್ಲೂ ನಾಳ ಕಟ್ಟಿಕೊಳ್ಳುವುದರಲ್ಲೂ ಇವುಗಳದೇ ಮುಖ್ಯ ಪಾತ್ರ ಎಂದು ಅವರು ಹೇಳಿದರು. (ಪಪ್ಪಾಯಿ ಎಲೆ ರಸದ ವಿಷಯ ಈಗ ಕೇಳಬೇಡಿ. ಅದಕ್ಕೆ ಬೇರೆಯೇ ಲೇಖನ ಬೇಕು.)

1893ರ ಹೊತ್ತಿಗೆ ನಾಯಿಗಳ ಜಠರದ ಆಮ್ಲದಲ್ಲೂ ಬದುಕಿರುವ ಸುರುಳಿ ಬ್ಯಾಕ್ಟೀರಿಯಾವನ್ನು ವಿವರಿಸಿದರು. ಮನುಷ್ಯರ ಹೊಟ್ಟೆಹುಣ್ಣಿಗೆ ಅಂಥದೇ ಬ್ಯಾಕ್ಟೀರಿಯಾ ಕಾರಣ ಎಂದು ತೋರಿಸಿದವರಿಗೆ ನೊಬೆಲ್ ಬಂದದ್ದು 2005ರಲ್ಲಿ.

1894ರಲ್ಲಿ ರೋಮ್ ನಗರದ ಸಮ್ಮೇಳನದಲ್ಲಿ ಅವರು ದೇಹದ ಅಂಗಾಂಶಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ಚರ್ಮದಂತೆ ಸದಾ ಹೊಸದಾಗುತ್ತಿರುವವು, ಯಕೃತ್ತಿನಂತೆ ಬೇಕಾದಾಗ ಮಾತ್ರ ಬೆಳೆಯುವವು, ನರಗಳಂತೆ ಮತ್ತೆ ಹುಟ್ಟದವು. ನಮಗೆ ಇಲ್ಲಿ ಮುಖ್ಯವಾದದ್ದು ಮೊದಲನೆಯದು. ಚರ್ಮದ ಕೋಶ ತಳದ ಸಾಲಿನಲ್ಲಿ ಹುಟ್ಟಿ ಮೇಲಕ್ಕೆ ಸರಿಯುತ್ತ, ಸುಮಾರು ಒಂದು ತಿಂಗಳಲ್ಲಿ ಹೊಟ್ಟಾಗಿ ಉದುರುತ್ತದೆ. ಅಂದರೆ ಆ ಗಂಟುಗಳು ಗಟ್ಟಿಯಾಗಿರಬೇಕು, ಆದರೆ ಕಟ್ಟಿ ಬಿಚ್ಚಿ ಮತ್ತೆ ಕಟ್ಟುವಂತೆಯೂ ಇರಬೇಕು. ಇದು ಹೇಗೆ ಸಾಧ್ಯ ಎಂಬುದಕ್ಕೆ ಅವರ ಕಾಲದಲ್ಲಿ ಉತ್ತರ ಇರಲಿಲ್ಲ.

ಇಷ್ಟೆಲ್ಲ ಕಂಡ ಕಣ್ಣಿಗೇ ಕಾಯಿಲೆ ಬಂತು. ಕೊನೆಯ ವರ್ಷಗಳಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂರುವುದು ಕಷ್ಟವಾಯಿತು. 1890ರಲ್ಲಿ ಸೆನೆಟ್ ಸದಸ್ಯರಾಗಿದ್ದ ಅವರು ಆಗ ಸಾರ್ವಜನಿಕ ಆರೋಗ್ಯದತ್ತ ಹೆಚ್ಚು ತಿರುಗಿದರು; ಸಾಮಾನ್ಯ ಓದುಗರಿಗೆ ಅರ್ಥವಾಗುವಂತೆ ನೈರ್ಮಲ್ಯ, ಸಾಂಕ್ರಾಮಿಕ ರೋಗಗಳ ಬಗ್ಗೆ ಬರೆದರು. ನಾವು ಇಲ್ಲಿ ಮಾಡುವ ಕೆಲಸದ ಪೂರ್ವಿಕರು ಎನ್ನಬಹುದು. 1901ರ ಏಪ್ರಿಲ್ 8ರಂದು ಟ್ಯೂರಿನ್‌ನಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು. 55 ವರ್ಷವಾಗಿತ್ತು.

ಗಂಟು ಸೇತುವೆಯೋ, ಕೊಕ್ಕೆಯೋ?

ಅವರ ಗಂಟಿನ ಕಥೆ ಅಲ್ಲಿಗೆ ಮುಗಿಯಲಿಲ್ಲ, ನಿಜ ಹೇಳಬೇಕೆಂದರೆ ಹಿಂದಕ್ಕೆ ಹೋಯಿತು. ಹಲವು ವಿಜ್ಞಾನಿಗಳು ಆ ಜಾಗಗಳನ್ನು ಸೇತುವೆ ಎಂದು ಭಾವಿಸಿದರು. ಒಂದು ಕೋಶದ ಒಳಗಿನ ದ್ರವವೂ ನಾರುಗಳೂ ಸೇತುವೆ ದಾಟಿ ಪಕ್ಕದ ಕೋಶಕ್ಕೆ ಹೋಗುತ್ತವೆ, ಚರ್ಮವಿಡೀ ಒಂದೇ ನೇಯ್ಗೆ ಎಂದು ವಾದಿಸಿದರು. 1920ರಲ್ಲಿ ಯೋಸೆಫ್ ಶಾಫರ್ ಈ ಗಂಟಿಗೆ ಡೆಸ್ಮೋಸೋಮ್ ಎಂದು ಹೆಸರಿಟ್ಟರು. ಗ್ರೀಕಿನಲ್ಲಿ ಡೆಸ್ಮೋಸ್ ಎಂದರೆ ಕಟ್ಟು. ಹೆಸರು ಬಂತು, ಜಗಳ ಬಗೆಹರಿಯಲಿಲ್ಲ.

ಬಗೆಹರಿದದ್ದು 1950ರ ದಶಕದಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೆ. ಕೀತ್ ಪೋರ್ಟರ್ ಮೊದಲಾದವರ ಚಿತ್ರಗಳಲ್ಲಿ ಗಂಟು ಎರಡು ಹೋಳಾಗಿ ಕಂಡಿತು. ಇತ್ತ ಕೋಶದ ಪೊರೆಯ ಒಳಗೆ ಒಂದು ದಪ್ಪ ಬಿಲ್ಲೆ, ಅತ್ತ ಕೋಶದಲ್ಲಿ ಅದರ ಜೋಡಿ ಬಿಲ್ಲೆ, ನಡುವೆ ಕಿರಿದಾದ ಸಂದಿ. ಎರಡೂ ಕಡೆಯಿಂದ ನಾರಿನ ಕಂತೆಗಳು ತಮ್ಮ ತಮ್ಮ ಬಿಲ್ಲೆಯವರೆಗೆ ಬಂದು ಹಿಂತಿರುಗಿ ಹೋಗುತ್ತಿದ್ದವು. ಒಂದು ನಾರೂ ಗಡಿ ದಾಟಿರಲಿಲ್ಲ. ಗಂಟು ಎಂದರೆ ಎರಡು ಬೇರೆ ಬೇರೆ ಕೋಶಗಳು ಮುಟ್ಟಿ ಹಿಡಿದುಕೊಂಡ ಜಾಗ ಎಂಬ ಬಿಜೊಜೆರೊ ಮಾತೇ ನಿಂತಿತು.

ಆ ನಾರುಗಳೇ ಕೆರಟಿನ್. ಉಗುರು, ಕೂದಲಿನಲ್ಲಿ ಇದೆ ಎಂದು ಜಾಹೀರಾತಿನಲ್ಲಿ ಕೇಳುತ್ತೀರಲ್ಲ, ಅದೇ ಕುಟುಂಬ. ಜೀವಂತ ಚರ್ಮಕೋಶದ ಒಳಗೂ ಕೆರಟಿನ್ ತಂತುಗಳ ಬಲೆ ಇರುತ್ತದೆ. ಒಂದು ಆಮ್ಲೀಯ ಕೆರಟಿನ್, ಒಂದು ಪ್ರತ್ಯಾಮ್ಲೀಯ ಕೆರಟಿನ್ ಜೊತೆಯಾಗಿ ಹುರಿಗೊಂಡು, ಅಂಥ ಹಲವು ಜೋಡಿ ಸೇರಿ ಸುಮಾರು 10 ನ್ಯಾನೋಮೀಟರ್ ದಪ್ಪದ ಹಗ್ಗವಾಗುತ್ತದೆ. ತಲೆಗೂದಲಿನ ದಪ್ಪವನ್ನು ಸಾವಿರಾರು ಪಾಲು ಮಾಡಿದರೆ ಒಂದು ಪಾಲು. (ಪಾರ್ಲರಿನ ಕೆರಟಿನ್ ಟ್ರೀಟ್‌ಮೆಂಟ್‌ಗೂ ಇದಕ್ಕೂ ಸಂಬಂಧವಿಲ್ಲ. ಅಲ್ಲಿ ಹಚ್ಚುವುದು ಆಗಲೇ ಸತ್ತ ಕೂದಲಿನ ಹೊರಮೈಗೆ, ಮತ್ತು ಕೂದಲು ನೇರವಾಗುವುದು ಬಹುಪಾಲು ಫಾರ್ಮಾಲ್ಡಿಹೈಡ್‌ನಂಥ ರಾಸಾಯನಿಕ ಮತ್ತು ಬಿಸಿಯಿಂದ.)

ಹುಕ್ಕು ಗಟ್ಟಿ, ದಾರ ಯಾವುದು?

ರವಿಕೆಯ ಹುಕ್ಕನ್ನು ನೆನೆಸಿಕೊಳ್ಳಿ. ಹುಕ್ಕು ಎಷ್ಟೇ ಗಟ್ಟಿಯಿದ್ದರೂ ಬಟ್ಟೆಗೆ ಹೊಲಿದ ದಾರ ಸಡಿಲವಾದರೆ ಎಳೆದ ಕೂಡಲೇ ಕಿತ್ತು ಬರುತ್ತದೆ. ದಾರ ಗಟ್ಟಿಯಿದ್ದು ಬಟ್ಟೆಯೇ ಜೂಳಾಗಿದ್ದರೂ ಹರಿಯುತ್ತದೆ. ಚರ್ಮದಲ್ಲೂ ಈ ಮೂರೂ ಇವೆ.

ಹುಕ್ಕು ಎಂದರೆ ಡೆಸ್ಮೊಗ್ಲೀನ್, ಡೆಸ್ಮೊಕೊಲಿನ್ ಎಂಬ ಪ್ರೋಟೀನುಗಳು. ಪೊರೆಯಿಂದ ಹೊರಗೆ ಚಾಚಿ, ಸಂದಿಯ ನಡುವೆ ಎದುರು ಕೋಶದವನ್ನು ಹಿಡಿಯುತ್ತವೆ; ಇದಕ್ಕೆ ಕ್ಯಾಲ್ಸಿಯಂ ಬೇಕು. ಬಟ್ಟೆ ಎಂದರೆ ಒಳಗಿನ ಕೆರಟಿನ್ ಬಲೆ. ಹುಕ್ಕನ್ನು ಬಟ್ಟೆಗೆ ಹೊಲಿಯುವ ದಾರವೇ ಕೊಂಡಿ ಪ್ರೋಟೀನುಗಳು. ಡೆಸ್ಮೋಸೋಮಿನಲ್ಲಿ ಅವುಗಳ ಮುಖ್ಯಸ್ಥ ಡೆಸ್ಮೋಪ್ಲಾಕಿನ್. ನೋಡಲು ಡಂಬೆಲ್ ಹಾಗಿದೆ: ಉದ್ದನೆಯ ಕೋಲು, ಎರಡು ತುದಿಯಲ್ಲಿ ಗುಂಡು. ಒಂದು ತುದಿ ಪೊರೆಯ ಕಡೆ, ಪ್ಲಾಕೊಗ್ಲೊಬಿನ್ ಮತ್ತು ಪ್ಲಾಕೊಫಿಲಿನ್ ಎಂಬ ಇನ್ನೆರಡು ಪ್ರೋಟೀನುಗಳ ಮೂಲಕ ಹುಕ್ಕಿನ ಬಾಲ ಹಿಡಿಯುತ್ತದೆ. ಇನ್ನೊಂದು ತುದಿ ಕೆರಟಿನ್ ಹಿಡಿಯುತ್ತದೆ.

ಹಿಡಿಯುವುದು ಹೇಗೆ? ಆ ತುದಿಯಲ್ಲಿ ಮಣಿಗಳಂತೆ ಮೂರು ಉಂಡೆಗಳಿವೆ. ಅವುಗಳಲ್ಲಿ ಎರಡರ ಆಕಾರವನ್ನು 2002ರಲ್ಲಿ ಕ್ಷ-ಕಿರಣಗಳಿಂದ ಬಿಡಿಸಿದಾಗ, ಮೈಮೇಲೆ ಧನ ವಿದ್ಯುದಂಶ ತುಂಬಿದ ಒಂದು ತೋಡು ಕಂಡಿತು. ಕೆರಟಿನ್ ಹಗ್ಗದ ಮೈಯಲ್ಲಿ ಋಣ ವಿದ್ಯುದಂಶದ ಜಾಗಗಳು ಹೆಚ್ಚು. ಹಗ್ಗ ಈ ತೋಡಿಗೆ ಹೊಂದಿಕೊಳ್ಳುತ್ತದೆ. ಒಂದೊಂದು ಹಿಡಿತವೂ ಬಲಹೀನವೇ; ಆದರೆ ಒಂದೇ ಪ್ರೋಟೀನಿನಲ್ಲಿ ಹಲವು ಉಂಡೆ, ಒಂದು ಬಿಲ್ಲೆಯಲ್ಲಿ ಅಂಥ ಪ್ರೋಟೀನುಗಳ ದಟ್ಟ ಗುಂಪು, ಒಂದು ಕೋಶದ ಸುತ್ತ ಅಂಥ ಹಲವಾರು ಬಿಲ್ಲೆ. ಒಟ್ಟು ಸೇರಿದಾಗ ಚರ್ಮ ಹರಿಯುವುದಿಲ್ಲ.

ಬಿಚ್ಚುವ ವ್ಯವಸ್ಥೆಯೂ ಆ ತುದಿಯಲ್ಲೇ ಇದೆ. ಬಾಲದ ಕೊನೆಯ ಒಂದು ನಿರ್ದಿಷ್ಟ ಜಾಗಕ್ಕೆ ಕೋಶ ಫಾಸ್ಫೇಟ್ ಅಂಟಿಸಿದರೆ ಕೆರಟಿನ್ ಮೇಲಿನ ಹಿಡಿತ ಸಡಿಲವಾಗುತ್ತದೆ. ಫಾಸ್ಫೇಟ್ ಋಣ ವಿದ್ಯುದಂಶದ್ದು ಎಂಬುದನ್ನು ಗಮನಿಸಿ. ಹೊಸ ಗಂಟು ಕಟ್ಟುವಾಗ, ಗಾಯ ಮಾಯುವಾಗ ಕೋಶಗಳು ಸರಿದಾಡಬೇಕಲ್ಲ, ಆಗ ಇಂಥ ಸಡಿಲಿಕೆ ಬೇಕೇ ಬೇಕು. ಸದಾ ಹೊಸದಾಗುವ ಅಂಗಾಂಶ ಎಂದು ಬಿಜೊಜೆರೊ ಕರೆದ ಚರ್ಮಕ್ಕೆ ಈ ಗುಣ ಇಲ್ಲದಿದ್ದರೆ ನಡೆಯುವುದಿಲ್ಲ.

ಚರ್ಮದ ತಳದ ಸಾಲಿನಲ್ಲಿ ಕೋಶ ಕೆಳಗಿನ ಪದರಕ್ಕೆ ಅಂಟುವ ಜಾಗದಲ್ಲಿ ಪ್ಲೆಕ್ಟಿನ್ ಎಂಬ ಇನ್ನೊಂದು ದೈತ್ಯ ಕೊಂಡಿ ಇದೆ, ಅದೇ ಕುಟುಂಬದ್ದು. ಅದರ ತುದಿಯಲ್ಲೂ ಇಂಥ ಉಂಡೆಗಳ ಸಾಲಿದೆ. ಇದಕ್ಕೆ ಮೊದಲು ಹೆಸರಿಟ್ಟವರು ವಿಯೆನ್ನಾದ ಗೆರ್ಹಾರ್ಡ್ ವಿಶೆ.

ದಾರ ಹರಿದಾಗ

ಇದು ಬರೀ ಪಠ್ಯದ ವಿಷಯವಲ್ಲ. ಕೆಲವು ಮಕ್ಕಳಿಗೆ ಹುಟ್ಟಿದಾಗಿನಿಂದಲೇ, ಎತ್ತಿಕೊಂಡರೂ ಬಟ್ಟೆ ಉಜ್ಜಿದರೂ ಗುಳ್ಳೆ ಏಳುತ್ತದೆ. ಎಪಿಡರ್ಮೊಲೈಸಿಸ್ ಬುಲ್ಲೋಸಾ ಎಂದು ಹೆಸರು. ಇದರ ಒಂದು ಬಗೆಯಲ್ಲಿ ದೋಷ ಇರುವುದು ಕೆರಟಿನ್ 5 ಅಥವಾ 14ರ ಜೀನಿನಲ್ಲಿ, ಅಂದರೆ ಬಟ್ಟೆಯೇ ಜೂಳು. ಇದು 1991ರ ಹೊತ್ತಿಗೆ ತಿಳಿಯಿತು. ಇನ್ನೊಂದು ಬಗೆಯಲ್ಲಿ ಪ್ಲೆಕ್ಟಿನ್ ಕೆಟ್ಟಿರುತ್ತದೆ. ಪ್ಲೆಕ್ಟಿನ್ ಸ್ನಾಯುವಿನಲ್ಲೂ ಕೆಲಸ ಮಾಡುವುದರಿಂದ ಅಂಥವರಿಗೆ ಗುಳ್ಳೆಯ ಜೊತೆ ಮುಂದೆ ಸ್ನಾಯು ಸೊರಗುವ ಕಾಯಿಲೆಯೂ ಬರುತ್ತದೆ. ಡೆಸ್ಮೋಪ್ಲಾಕಿನ್‌ನ ಬಾಲ ಮೊಟಕಾಗಿ ಹುಟ್ಟಿದ ಕೆಲವರಲ್ಲಿ ಗುಂಗುರು ಉಣ್ಣೆಯಂಥ ಕೂದಲು, ದಪ್ಪಗಟ್ಟಿದ ಅಂಗೈ ಅಂಗಾಲು, ಜೊತೆಗೆ ಹೃದಯದ ಕಾಯಿಲೆ ಕಂಡುಬಂದದ್ದು 2000ದಲ್ಲಿ ವರದಿಯಾಯಿತು. ಹೃದಯದ ಸ್ನಾಯುಕೋಶಗಳೂ ಇದೇ ಗಂಟಿನಿಂದ ಕಟ್ಟಿಕೊಂಡಿರುತ್ತವೆ. ಅಲ್ಲಿ ಹಗ್ಗ ಮಾತ್ರ ಕೆರಟಿನ್ ಅಲ್ಲ, ಡೆಸ್ಮಿನ್.

ದೊಡ್ಡವರಲ್ಲಿ ಬರುವ ಪೆಂಫಿಗಸ್ ಬೇರೆ. ಅಲ್ಲಿ ಜೀನು ಸರಿಯಿರುತ್ತದೆ, ದೇಹದ ರೋಗನಿರೋಧಕ ವ್ಯವಸ್ಥೆಯೇ ಹುಕ್ಕಿನ ಮೇಲೆ, ಅಂದರೆ ಡೆಸ್ಮೊಗ್ಲೀನ್ ಮೇಲೆ ದಾಳಿ ಮಾಡುತ್ತದೆ. ಬಾಯಿಯಲ್ಲಿ ವಾಸಿಯಾಗದ ಹುಣ್ಣು, ಸುಲಭವಾಗಿ ಒಡೆಯುವ ಗುಳ್ಳೆ ಇದರ ಲಕ್ಷಣ. ಇದಕ್ಕೆ ಔಷಧಿ ಇದೆ, ತಡಮಾಡಿದರೆ ಪ್ರಾಣಕ್ಕೆ ಅಪಾಯವಿದೆ.

ಇವು ಯಾವುವೂ ಅಂಟುರೋಗವಲ್ಲ. ಪಕ್ಕದಲ್ಲಿ ಕೂತರೆ, ಒಂದೇ ತಟ್ಟೆಯಲ್ಲಿ ಉಂಡರೆ, ಮಗುವನ್ನು ಎತ್ತಿಕೊಂಡರೆ ಬರುವುದಿಲ್ಲ. ನಾಗದೋಷವಲ್ಲ, ಗರ್ಭಿಣಿ ಗ್ರಹಣ ನೋಡಿದ್ದರ ಫಲವೂ ಅಲ್ಲ. ಇಂಥ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳಲು ಹಿಂದೆಮುಂದೆ ನೋಡುವುದಕ್ಕೆ ವೈದ್ಯಕೀಯ ಕಾರಣ ಯಾವುದೂ ಇಲ್ಲ. ಬೇಕಿರುವುದು ತಳ್ಳಾಟ, ಉಜ್ಜಾಟದಿಂದ ಕಾಯುವುದು. ಸರ್ಪಸುತ್ತು ಮಾತ್ರ ಬೇರೆ ಲೆಕ್ಕ. ಅದು ವೈರಸ್ಸಿನಿಂದ ಬರುವುದು, ಆ ಗುಳ್ಳೆಯ ನೀರು ತಾಗಿದರೆ ಸೀತಾಳೆ ಸಿಡುಬು ಬಾರದವರಿಗೆ ಅದು ಬರಬಹುದು.

ಕೊನೆಗೆ ಚಪ್ಪಲಿ ಗುಳ್ಳೆಯ ಬಗ್ಗೆ, ಏಕೆಂದರೆ ಸೂಜಿ ಬಿಸಿ ಮಾಡಿ ಚುಚ್ಚಿ ಎಂಬ ವಿಡಿಯೊ ಪದೇ ಪದೇ ಬರುತ್ತಿದೆ. ತಿಕ್ಕಾಟದಿಂದ ಬರುವ ಗುಳ್ಳೆ ಸೀಳುವುದು ಹೆಚ್ಚಾಗಿ ಬಿಜೊಜೆರೊ ನೋಡಿದ ಅದೇ ಮುಳ್ಳುಕೋಶಗಳ ಪದರದಲ್ಲಿ. ಮೇಲಿನ ಚರ್ಮ ಒಳಗಿನ ಹಸಿ ಜಾಗಕ್ಕೆ ಒಳ್ಳೆಯ ಹೊದಿಕೆ. ಸಣ್ಣ ಗುಳ್ಳೆಯನ್ನು ಒಡೆಯದೆ, ಮುಚ್ಚಿ, ಆ ಚಪ್ಪಲಿ ಬಿಟ್ಟರೆ ಕೆಲವು ದಿನಗಳಲ್ಲಿ ಕೆಳಗೆ ಹೊಸ ಚರ್ಮ ಬರುತ್ತದೆ. ಹುಟ್ಟಿನಿಂದ ಗುಳ್ಳೆಯಾಗುವ ಮಕ್ಕಳ ವಿಷಯದಲ್ಲಿ ಡಾಕ್ಟರುಗಳು ಇದಕ್ಕೆ ವಿರುದ್ಧವಾಗಿ ಶುದ್ಧ ಸೂಜಿಯಿಂದ ನೀರು ತೆಗೆಯಲು ಹೇಳುತ್ತಾರೆ. ಅವರಲ್ಲಿ ಸುತ್ತಲಿನ ಹಿಡಿತವೇ ಸಡಿಲ, ಒಳಗಿನ ನೀರಿನ ಒತ್ತಡಕ್ಕೆ ಗುಳ್ಳೆ ಪಕ್ಕಕ್ಕೆ ಹರಡುತ್ತಲೇ ಹೋಗುತ್ತದೆ. ಹಾಗಾಗಿ ಒಬ್ಬರ ಗುಳ್ಳೆಗೆ ಹೇಳಿದ್ದನ್ನು ಇನ್ನೊಬ್ಬರಿಗೆ ಕಳಿಸಬೇಡಿ. ಕಾರಣವಿಲ್ಲದೆ ಮತ್ತೆ ಮತ್ತೆ ಗುಳ್ಳೆ ಬರುತ್ತಿದ್ದರೆ, ಬಾಯಲ್ಲೂ ಹುಣ್ಣಿದ್ದರೆ, ಅಥವಾ ಹಸುಗೂಸಿನ ಚರ್ಮ ಮುಟ್ಟಿದರೆ ಸುಲಿಯುತ್ತಿದ್ದರೆ ಚರ್ಮರೋಗ ತಜ್ಞರಿಗೆ ತೋರಿಸಿ.